ಮಗ್ಗದ ಕಾರ್ಖಾನೆಯಿಂದ ಫೋರ್ಕ್‌ಲಿಫ್ಟ್‌ವರೆಗೆ: ಒಂದು ಉದ್ದಿಮೆಯ ನೂರು ವರ್ಷ

ಉದ್ದಿಮೆಯೊಂದನ್ನು ಪ್ರಾರಂಭಿಸುವುದು ಕಷ್ಟ, ಅದನ್ನು ಎರಡನೆಯ ತಲೆಮಾರಿಗೆ ದಾಟಿಸುವುದು ಇನ್ನೂ ಕಷ್ಟ ಎಂಬುದು ವರ್ತಕ ವಲಯದಲ್ಲಿ ಎಲ್ಲರೂ ಬಲ್ಲ ಮಾತು. ಆದರೆ ಇವೆರಡಕ್ಕಿಂತಲೂ ಕಠಿಣವಾದ ಮೂರನೆಯ ಪರೀಕ್ಷೆಯೊಂದಿದೆ. ತಾನು ತಯಾರಿಸುತ್ತಿರುವ ವಸ್ತುವಿಗೇ ಬೇಡಿಕೆ ಕುಗ್ಗತೊಡಗಿದಾಗ ಉದ್ದಿಮೆ ಏನು ಮಾಡಬೇಕು ಎಂಬುದೇ ಆ ಪರೀಕ್ಷೆ. ಇಂದು ಪೀಣ್ಯ, ಬೊಮ್ಮಸಂದ್ರ, ಜಿಗಣಿಗಳಲ್ಲಿ ಎಂಜಿನ್ನಿನ ಬಿಡಿಭಾಗಗಳನ್ನು ತಯಾರಿಸುವ ಅನೇಕ ಸಣ್ಣ ಘಟಕಗಳ ಮುಂದೆ ಈ ಪ್ರಶ್ನೆ ನಿಂತಿದೆ. ವಿದ್ಯುತ್ ವಾಹನಗಳಿಗೆ ಪಿಸ್ಟನ್ ಬೇಡ, ವಾಲ್ವ್ ಬೇಡ, ಇಂಧನ ಪಂಪು ಬೇಡ. ಬದಲಾವಣೆ ಐದು ವರ್ಷದಲ್ಲಿ ಬರುವುದೋ ಹದಿನೈದು ವರ್ಷದಲ್ಲಿ ಬರುವುದೋ ಎಂಬ ಬಗ್ಗೆ ಭಿನ್ನಾಭಿಪ್ರಾಯವಿರಬಹುದು. ಬರುವುದೆಂಬ ಬಗ್ಗೆ ಹೆಚ್ಚಿನ ಸಂಶಯವಿಲ್ಲ.

ಇಂತಹ ಸಂದರ್ಭದಲ್ಲಿ, ನೇಯ್ಗೆಯ ಮಗ್ಗವನ್ನು ತಯಾರಿಸಲು ಹುಟ್ಟಿ ಇಂದು ಜಗತ್ತಿನಲ್ಲೇ ಅತಿ ಹೆಚ್ಚು ಫೋರ್ಕ್‌ಲಿಫ್ಟ್‌ಗಳನ್ನು ಮಾರುವ ಜಪಾನಿನ ಟೊಯೊಟಾ ಇಂಡಸ್ಟ್ರೀಸ್ ಕಂಪನಿಯ ಇತಿಹಾಸವು ಅಭ್ಯಾಸಯೋಗ್ಯವಾಗಿದೆ. ಅದರ ಯಶಸ್ಸಿನಷ್ಟೇ ಅದು ಎಡವಿದ ಸಂದರ್ಭಗಳೂ ಗಮನಾರ್ಹ.

ಮಗ್ಗದ ಕಾಲ

ಸಕಿಚಿ ಟೊಯೊಡಾ 1867ರಲ್ಲಿ ಬಡಗಿಯೊಬ್ಬರ ಮಗನಾಗಿ ಜನಿಸಿದರು. 1891ರಲ್ಲಿ ಮರದ ಕೈಮಗ್ಗವೊಂದಕ್ಕೆ ತಮ್ಮ ಮೊದಲ ಪೇಟೆಂಟ್ ಪಡೆದ ಅವರು, ಮೂವತ್ತಕ್ಕೂ ಹೆಚ್ಚು ವರ್ಷಗಳ ಕಾಲ ಒಂದೇ ವಸ್ತುವನ್ನು ತಿದ್ದುತ್ತ ಹೋದರು. 1924ರಲ್ಲಿ ಪೂರ್ಣಗೊಂಡ ‘ಜಿ’ ಮಾದರಿಯ ಸ್ವಯಂಚಾಲಿತ ಮಗ್ಗವು ಆ ಪರಿಶ್ರಮದ ಫಲ. ಲಾಳಿಯಲ್ಲಿ ನೂಲು ಮುಗಿದರೆ ಯಂತ್ರ ನಿಲ್ಲದೆಯೇ ಹೊಸ ಲಾಳಿ ಬಂದು ಕೂರುತ್ತಿತ್ತು. ಹಾಸಿನ ಎಳೆ ಕಡಿದರೆ ಮಗ್ಗವು ತಾನಾಗಿಯೇ ನಿಲ್ಲುತ್ತಿತ್ತು. ಹೀಗಾಗಿ ದೋಷಯುಕ್ತ ಬಟ್ಟೆ ಗಜಗಟ್ಟಲೆ ಉತ್ಪನ್ನವಾಗುವುದು ತಪ್ಪಿತು. ಒಬ್ಬ ಕಾರ್ಮಿಕನೇ ಹಲವು ಮಗ್ಗಗಳನ್ನು ನೋಡಿಕೊಳ್ಳುವುದು ಸಾಧ್ಯವಾಯಿತು. ಈ ಮಗ್ಗವನ್ನು ತಯಾರಿಸಲೆಂದೇ 1926ರಲ್ಲಿ ಐಚಿ ಪ್ರಾಂತದ ಕರಿಯ ಎಂಬಲ್ಲಿ 10 ಲಕ್ಷ ಯೆನ್ ಬಂಡವಾಳದೊಂದಿಗೆ ‘ಟೊಯೊಡಾ ಆಟೊಮ್ಯಾಟಿಕ್ ಲೂಮ್ ವರ್ಕ್ಸ್’ ಸ್ಥಾಪನೆಯಾಯಿತು.

ಮೂರೇ ವರ್ಷಗಳಲ್ಲಿ ಒಂದು ಮಹತ್ವದ ಘಟನೆ ನಡೆಯಿತು. ಜವಳಿ ಯಂತ್ರಗಳಿಗೆ ಲೋಕಪ್ರಸಿದ್ಧವಾಗಿದ್ದ ಇಂಗ್ಲೆಂಡಿನ ಓಲ್ಡಮ್ ಪಟ್ಟಣದ ಪ್ಲ್ಯಾಟ್ ಬ್ರದರ್ಸ್ ಕಂಪನಿಯು, ಈ ಮಗ್ಗದ ಪೇಟೆಂಟ್ ಹಕ್ಕುಗಳಿಗಾಗಿ 1 ಲಕ್ಷ ಪೌಂಡ್ ಕೊಡುವ ಒಪ್ಪಂದಕ್ಕೆ 1929ರಲ್ಲಿ ಸಹಿ ಹಾಕಿತು. ಲ್ಯಾಂಕಾಶೈರಿನಿಂದ ಯಂತ್ರ ತರಿಸಿಕೊಂಡು ಕೈಗಾರಿಕೆ ಕಟ್ಟಿದ ದೇಶವೊಂದು ಲ್ಯಾಂಕಾಶೈರಿಗೇ ತಂತ್ರಜ್ಞಾನ ಮಾರಿದ್ದು ಸಾಮಾನ್ಯ ಸಂಗತಿಯಲ್ಲ. ಮುಂದೆ ಜವಳಿ ವ್ಯಾಪಾರ ಕುಸಿದುದರಿಂದ ಒಪ್ಪಂದದ ಪೂರ್ಣ ಮೊತ್ತ ಕೈಸೇರಲಿಲ್ಲ. ಆದರೂ ಬಂದ ಹಣ ಬಂಗಲೆಗಾಗಲಿ ಭೂಮಿಗಾಗಲಿ ಹೋಗಲಿಲ್ಲ ಎಂಬುದು ಗಮನಾರ್ಹ. ಮಗ್ಗದ ಬೇಡಿಕೆ ಉಚ್ಛ್ರಾಯದಲ್ಲಿದ್ದ ಕಾಲದಲ್ಲೇ ಸಕಿಚಿಯವರ ಮಗ ಕಿಚಿರೊ ಅವರು ಮುಂದಿನ ವಸ್ತುವಿನ ಶೋಧದಲ್ಲಿ ತೊಡಗಿದ್ದರು.

ತಾಯಿಯನ್ನು ಮೀರಿ ಬೆಳೆದ ಮಗು

1933ರಲ್ಲಿ ಮಗ್ಗದ ಕಾರ್ಖಾನೆಯೊಳಗೇ ಮೋಟಾರು ವಾಹನ ವಿಭಾಗವೊಂದು ಆರಂಭವಾಯಿತು. ಮಗ್ಗಕ್ಕೂ ಮೋಟಾರು ವಾಹನಕ್ಕೂ ಏನು ಸಂಬಂಧ ಎಂದು ಮೇಲ್ನೋಟಕ್ಕೆ ಅನ್ನಿಸಬಹುದು. ಸಂಬಂಧವಿದ್ದುದು ಎರಕದ ಮನೆಯಲ್ಲಿ. ಸೂಕ್ಷ್ಮ ಅಳತೆಯ ಎರಕ, ಲೋಹ ಕತ್ತರಿಸುವ ಯಂತ್ರಗಳು, ನೂರಾರು ಬಿಡಿಭಾಗಗಳನ್ನು ಒಂದೇ ಅಳತೆಗೆ ತಯಾರಿಸುವ ಶಿಸ್ತು, ಇವು ಮಗ್ಗಕ್ಕೂ ಬೇಕು, ಎಂಜಿನ್ನಿಗೂ ಬೇಕು. ಹಾಗಿದ್ದರೂ ಹೊಸ ವಿಭಾಗವು ಬಂಡವಾಳವನ್ನು ನುಂಗುತ್ತಲೇ ಹೋಯಿತು. ಅಂತಿಮವಾಗಿ 1937ರಲ್ಲಿ 1 ಕೋಟಿ 20 ಲಕ್ಷ ಯೆನ್ ಬಂಡವಾಳದ ಪ್ರತ್ಯೇಕ ಕಂಪನಿಯಾಗಿ ಟೊಯೊಟಾ ಮೋಟಾರ್ ಹೊರಬಂತು. ತಾಯಿ ಸಂಸ್ಥೆಯ ಮೂಲ ಬಂಡವಾಳದ ಹನ್ನೆರಡು ಪಟ್ಟು ಬಂಡವಾಳದೊಂದಿಗೆ ಮಗು ಹುಟ್ಟಿತೆನ್ನಬಹುದು.

ಲೆಕ್ಕಶಾಸ್ತ್ರದ ದೃಷ್ಟಿಯಿಂದ ಈ ಪ್ರತ್ಯೇಕೀಕರಣಕ್ಕೆ ವಿಶೇಷ ಮಹತ್ವವಿದೆ. ಹೊಸ ಸಾಹಸದ ನಷ್ಟವು ಹಳೆಯ ವ್ಯವಹಾರದ ಲಾಭದಲ್ಲಿ ಮಸುಕಾಗಿ ಕರಗಿಹೋದರೆ ಎರಡರ ನಿಜಸ್ಥಿತಿಯೂ ಯಜಮಾನನಿಗೆ ತಿಳಿಯುವುದಿಲ್ಲ. ಬೇರೆ ವಿಭಾಗ, ಬೇರೆ ಪುಸ್ತಕ, ಕೊನೆಗೆ ಬೇರೆ ಕಂಪನಿ ಎಂಬ ಕ್ರಮದಿಂದಾಗಿ ಯಾವುದಕ್ಕೆ ಎಷ್ಟು ವ್ಯಯವಾಗುತ್ತಿದೆ ಎಂಬುದು ಸ್ಪಷ್ಟವಾಗಿ ಉಳಿಯಿತು.

ಯುದ್ಧಾನಂತರ ಪರಿಸ್ಥಿತಿ ತಿರುವು ಮುರುವಾಯಿತು. 1950ರಲ್ಲಿ ಟೊಯೊಟಾ ಮೋಟಾರ್ ದಿವಾಳಿಯ ಅಂಚಿಗೆ ಬಂದಿತು. ಮುಷ್ಕರ ನಡೆಯಿತು, ಕಾರ್ಮಿಕರ ಕಡಿತವಾಯಿತು, ಕಿಚಿರೊ ರಾಜೀನಾಮೆ ಕೊಟ್ಟರು. ಆಗ ಅದರ ಚುಕ್ಕಾಣಿ ಹಿಡಿದವರು ಮಗ್ಗದ ಕಂಪನಿಯ ಅಧ್ಯಕ್ಷರಾಗಿದ್ದ ತೈಜೊ ಇಶಿಡಾ. ಮಿತವ್ಯಯಕ್ಕೆ ಹೆಸರಾಗಿದ್ದ ಇಶಿಡಾ ಅವರು ಮಗ್ಗದ ಕಂಪನಿಯ ಹೊಣೆಯನ್ನು ಬಿಡದೆಯೇ ಇನ್ನೊಂದನ್ನೂ ಹೊತ್ತರು. ಅದೇ ವರ್ಷ ಆರಂಭವಾದ ಕೊರಿಯಾ ಯುದ್ಧದಿಂದಾಗಿ ಟ್ರಕ್ಕುಗಳಿಗೆ ಬೇಡಿಕೆ ಬಂದುದು ಅದೃಷ್ಟ. ಆದರೆ ಗಾಳಿ ಬಂದಾಗ ತೂರಿಕೊಂಡುದಷ್ಟೇ ಅವರ ಸಾಧನೆಯಲ್ಲ. ಬಂದ ಲಾಭವನ್ನು ಯಂತ್ರೋಪಕರಣಕ್ಕೂ ಮೀಸಲು ನಿಧಿಗೂ ತೊಡಗಿಸಿ, ಬ್ಯಾಂಕುಗಳ ಹಂಗಿನಿಂದ ಕಂಪನಿಯನ್ನು ಬಿಡಿಸುವ ದಾರಿಯಲ್ಲಿ ಅವರು ನಡೆದರು. ಅವರ ಆ ನಿಲುವು ಈ ಉದ್ಯಮ ಸಮೂಹದ ಸ್ವಭಾವವಾಗಿಯೇ ಉಳಿಯಿತು.

1956: ಭಾರ ಎತ್ತುವ ಗಾಡಿ

ಕೊರಿಯಾ ಯುದ್ಧದ ಭರಾಟೆ ಇಳಿದ ಮೇಲೆ ಜವಳಿ ಯಂತ್ರಗಳ ಮಾರುಕಟ್ಟೆ ಏರಿಳಿತಕ್ಕೆ ಸಿಕ್ಕಿತು. ಅದೇ ಸಮಯದಲ್ಲಿ ಜಪಾನಿನ ಬಂದರು, ಗೋದಾಮು, ಕಾರ್ಖಾನೆಗಳಲ್ಲಿ ಸರಕು ಸಾಗಣೆ ಹೆಚ್ಚುತ್ತಿತ್ತು. ಹಮಾಲಿಗಳ ಬೆನ್ನಿನ ಮೇಲೆ ಸಾಗುತ್ತಿದ್ದ ಮೂಟೆಗಳನ್ನು ಹಲಗೆಯ ಮೇಲೆ ಪೇರಿಸಿ ಯಂತ್ರದಿಂದ ಎತ್ತುವ ಪದ್ಧತಿ ಹರಡತೊಡಗಿತ್ತು. 1956ರಲ್ಲಿ ಕಂಪನಿಯು 1 ಟನ್ ಸಾಮರ್ಥ್ಯದ ‘ಎಲ್‌ಎ’ ಮಾದರಿಯ ಫೋರ್ಕ್‌ಲಿಫ್ಟನ್ನು ಮಾರುಕಟ್ಟೆಗೆ ತಂದಿತು.

ಫೋರ್ಕ್‌ಲಿಫ್ಟಿನ ತತ್ತ್ವವು ವರ್ತಕರಿಗೆ ಚಿರಪರಿಚಿತವಾದ ತಕ್ಕಡಿಯದೇ. ಮುಂದಿನ ಚಕ್ರಗಳೇ ತಕ್ಕಡಿಯ ಆಧಾರಬಿಂದು. ಒಂದೆಡೆ ಎತ್ತುವ ಸರಕು, ಇನ್ನೊಂದೆಡೆ ಗಾಡಿಯ ಹಿಂಭಾಗದಲ್ಲಿ ಕೂರಿಸಿದ ಭಾರೀ ಎರಕದ ಗಟ್ಟಿ. ಅಂದರೆ ಈ ಯಂತ್ರಕ್ಕೆ ಬೇಕಾದುದು ಎರಕದ ಕೆಲಸ, ಎಂಜಿನ್ನು, ಗೇರು ಮತ್ತು ತೈಲದ ಒತ್ತಡದಿಂದ ಎತ್ತುವ ವ್ಯವಸ್ಥೆ. ಇವುಗಳಲ್ಲಿ ಹೆಚ್ಚಿನವು ಮಗ್ಗದ ಕಂಪನಿಯ ಬಳಿ ಅಥವಾ ಅದರ ಬಳಗದಲ್ಲಿ ಆಗಲೇ ಇದ್ದವು. ಮಾರಾಟ ಜಾಲವನ್ನೂ ಅದು ಹೊಸದಾಗಿ ಕಟ್ಟಲಿಲ್ಲ. ತಯಾರಿಕೆ ತನ್ನದು, ಮಾರಾಟ ಟೊಯೊಟಾ ವಾಹನಗಳ ಜಾಲದ್ದು ಎಂಬ ಏರ್ಪಾಡು ದೀರ್ಘಕಾಲ ನಡೆಯಿತು. ಮಾರಾಟದ ಹೊಣೆಯೂ ತಯಾರಕರ ಕೈಗೆ ಬಂದದ್ದು 2001ರಲ್ಲಿ, ಅಂದರೆ 45 ವರ್ಷಗಳ ನಂತರ. ಕಂಪನಿಯ ಹೆಸರು ‘ಟೊಯೊಟಾ ಇಂಡಸ್ಟ್ರೀಸ್’ ಎಂದಾದುದೂ ಅದೇ ವರ್ಷ.

ರಫ್ತಿನ ಹಾದಿ ಸುಗಮವಾಗಿರಲಿಲ್ಲ. ಅಮೆರಿಕದ ತಯಾರಕರ ದೂರಿನ ಮೇರೆಗೆ, ಜಪಾನಿನ ಎಂಜಿನ್ ಚಾಲಿತ ಫೋರ್ಕ್‌ಲಿಫ್ಟ್‌ಗಳ ಮೇಲೆ 1988ರಲ್ಲಿ ಅಮೆರಿಕವು ಸುರಿವು ತಡೆ ಸುಂಕವನ್ನು ವಿಧಿಸಿತು. ಅಂದರೆ, ಅಗ್ಗದ ದರದಲ್ಲಿ ಸರಕು ತಂದು ಸುರಿಯುತ್ತಿದ್ದಾರೆಂಬ ಆರೋಪದ ಮೇಲೆ ಹಾಕುವ ಹೆಚ್ಚುವರಿ ಸುಂಕ. ಅದೇ ವರ್ಷ ಇಂಡಿಯಾನಾ ರಾಜ್ಯದ ಕೊಲಂಬಸ್ ಪಟ್ಟಣದಲ್ಲಿ ಟೊಯೊಟಾದ ಫೋರ್ಕ್‌ಲಿಫ್ಟ್ ತಯಾರಿಕಾ ಸಂಸ್ಥೆ ಸ್ಥಾಪನೆಯಾಗಿ, 1990ರಲ್ಲಿ ಉತ್ಪಾದನೆ ಆರಂಭವಾಯಿತು. ಸುಂಕದ ಗೋಡೆಯ ಆಚೆ ನಿಂತು ದೂರುವುದಕ್ಕಿಂತ ಗೋಡೆಯ ಒಳಗೆ ಕಾರ್ಖಾನೆ ಕಟ್ಟುವುದೇ ಲೇಸೆಂದು ಅದು ಕಂಡುಕೊಂಡಿತು.

ಮೊದಲಿಗರ ಗತಿ

ಈ ಕ್ಷೇತ್ರದಲ್ಲಿ ಟೊಯೊಟಾ ಮೊದಲಿಗನಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಅಮೆರಿಕದ ಮಿಷಿಗನ್ ರಾಜ್ಯದ ಬುಕನನ್ ಎಂಬಲ್ಲಿ ಅಚ್ಚು ತಯಾರಿಸುತ್ತಿದ್ದ ಕ್ಲಾರ್ಕ್ ಕಂಪನಿಯು, 1917ರಲ್ಲಿ ತನ್ನ ಕಾರ್ಖಾನೆಯೊಳಗೆ ಸಾಮಾನು ಸಾಗಿಸಲೆಂದು ‘ಟ್ರಕ್‌ಟ್ರಾಕ್ಟರ್’ ಎಂಬ ಮೋಟಾರು ಗಾಡಿಯನ್ನು ತಾನೇ ಕಟ್ಟಿಕೊಂಡಿತು. ಕಾರ್ಖಾನೆ ನೋಡಲು ಬಂದ ಗಿರಾಕಿಗಳು ತಮಗೂ ಅಂತಹುದೇ ಬೇಕೆಂದರು. ಹೊಸ ಉದ್ದಿಮೆಯೊಂದು ಹುಟ್ಟಿತು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕೆ ಅಪಾರ ಸಂಖ್ಯೆಯ ಫೋರ್ಕ್‌ಲಿಫ್ಟ್‌ಗಳನ್ನು ಅದು ಪೂರೈಸಿತು.

ಆದರೆ 1980ರ ದಶಕದ ಹೊತ್ತಿಗೆ ಜಪಾನಿನ ಪೈಪೋಟಿಗೆ ಸಿಲುಕಿ ಕ್ಲಾರ್ಕ್ ಬಳಲಿತು. 1992ರಲ್ಲಿ ಫೋರ್ಕ್‌ಲಿಫ್ಟ್ ವ್ಯವಹಾರವನ್ನು ಟೆರೆಕ್ಸ್ ಕಂಪನಿಗೆ ಮಾರಲಾಯಿತು. 1996ರಲ್ಲಿ ಅದು ಹೂಡಿಕೆದಾರರ ಕೈಗೆ ಹೋಯಿತು. ಆ ಖರೀದಿಯ ಸಾಲದ ಹೊರೆ ಕಂಪನಿಯ ಮೇಲೆಯೇ ಬಿತ್ತು. 2000ದಲ್ಲಿ ಅದು ದಿವಾಳಿ ಕಾನೂನಿನ ಆಶ್ರಯ ಪಡೆಯಿತು. 2003ರಲ್ಲಿ ಅದನ್ನು ಕೊಂಡದ್ದು ದಕ್ಷಿಣ ಕೊರಿಯಾದ ಯಂಗ್ ಆನ್ ಎಂಬ ಟೋಪಿ ತಯಾರಿಕಾ ಸಂಸ್ಥೆ. ಟೋಪಿ ಹೊಲಿದು ಉಳಿಸಿದ ಹಣವು, ಫೋರ್ಕ್‌ಲಿಫ್ಟನ್ನೇ ಲೋಕಕ್ಕೆ ಪರಿಚಯಿಸಿದ ಹೆಸರನ್ನು ಕೊಂಡುಕೊಂಡಿತು. ಕ್ಲಾರ್ಕ್ ಹೆಸರಿನ ಗಾಡಿಗಳು ಇಂದಿಗೂ ಮಾರಾಟವಾಗುತ್ತಿವೆ ಎಂಬುದು ಸಮಾಧಾನದ ಸಂಗತಿ. ಉತ್ತಮ ವಸ್ತು, ಉತ್ತಮ ಹೆಸರು ಎರಡೂ ಇದ್ದರೂ, ಬಡ್ಡಿಯ ಭಾರವು ಗಳಿಕೆಯ ಶಕ್ತಿಯನ್ನು ಮೀರಿದರೆ ಒಡೆತನ ಕೈತಪ್ಪುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಕ್ಲಾರ್ಕ್ ದಿವಾಳಿಗೆ ಮೊರೆಹೋದ ಅದೇ 2000ದಲ್ಲಿ ಟೊಯೊಡಾ ಕಂಪನಿಯು ಸ್ವೀಡನ್ನಿನ ಬಿಟಿ ಇಂಡಸ್ಟ್ರೀಸ್ ಸಂಸ್ಥೆಯನ್ನು ಕೊಂಡಿತು. ಬಿಟಿಯ ಜೊತೆಗೆ ಅದರ ಒಡೆತನದಲ್ಲಿದ್ದ ಅಮೆರಿಕದ ರೇಮಂಡ್ ಸಂಸ್ಥೆಯೂ ಬಂದಿತು. ಟೊಯೊಟಾದ ಬಲವಿದ್ದುದು ಎಂಜಿನ್ನಿನ ಗಾಡಿಗಳಲ್ಲಿ; ಬಿಟಿ ಮತ್ತು ರೇಮಂಡ್‌ಗಳ ಬಲವಿದ್ದುದು ಗೋದಾಮಿನ ಕಿರಿದಾದ ಓಣಿಗಳಲ್ಲಿ ಓಡಾಡುವ ವಿದ್ಯುತ್ ಗಾಡಿಗಳಲ್ಲಿ. ತನ್ನಲ್ಲಿಲ್ಲದುದನ್ನು ಕೊಂಡ ಕಂಪನಿಯು, ರೇಮಂಡ್‌ನ ಹೆಸರನ್ನೂ ಮಾರಾಟಗಾರರನ್ನೂ ಹಾಗೆಯೇ ಉಳಿಸಿಕೊಂಡಿತು. ಮುಂದೆ ಫೋರ್ಕ್‌ಲಿಫ್ಟಿನ ಜೋಡಣಾ ಉಪಕರಣಗಳ ಕ್ಯಾಸ್ಕೇಡ್ ಸಂಸ್ಥೆಯನ್ನು 2013ರಲ್ಲಿಯೂ, ವಿಮಾನ ನಿಲ್ದಾಣ ಹಾಗೂ ಗೋದಾಮುಗಳಿಗೆ ಸ್ವಯಂಚಾಲಿತ ವ್ಯವಸ್ಥೆ ಕಟ್ಟುವ ನೆದರ್ಲೆಂಡ್ಸಿನ ವಾಂಡರ್‌ಲಾಂಡೆಯನ್ನು 2017ರಲ್ಲಿಯೂ ಅದು ಕೊಂಡಿತು. ಪ್ರತಿ ಹೆಜ್ಜೆಯೂ ಹಿಂದಿನ ಹೆಜ್ಜೆಯ ಪಕ್ಕದಲ್ಲೇ ಬಿದ್ದಿದೆ. ಹಾಗೆಂದು ಮೂಲ ವೃತ್ತಿಯನ್ನು ಅದು ತೊರೆಯಲಿಲ್ಲ. ನೂಲುವ ಯಂತ್ರಗಳಿಗಾಗಿ ಕಿರ್ಲೋಸ್ಕರ್ ಸಮೂಹದ ಸಹಭಾಗಿತ್ವದಲ್ಲಿ 1995ರಲ್ಲಿ ಸ್ಥಾಪನೆಯಾದ ಬೆಂಗಳೂರು ಬಳಿಯ ಜಿಗಣಿಯ ಕಾರ್ಖಾನೆಯು ಅದಕ್ಕೆ ಸಾಕ್ಷಿ.

ಎಡವಿದ ಎರಡು ಕಡೆ

ಇಷ್ಟು ಹೇಳಿ ಮುಗಿಸಿದರೆ ಅದು ಹೊಗಳಿಕೆಯಾದೀತು, ವಿಮರ್ಶೆಯಾಗದು. 2023ರ ಮಾರ್ಚ್‌ನಲ್ಲಿ ಕಂಪನಿಯು, ಫೋರ್ಕ್‌ಲಿಫ್ಟ್ ಎಂಜಿನ್ನುಗಳ ಹೊಗೆ ಪರೀಕ್ಷೆಯ ಪ್ರಮಾಣೀಕರಣದಲ್ಲಿ ಅಕ್ರಮ ನಡೆದಿದೆಯೆಂದು ಪ್ರಕಟಿಸಿ ಕೆಲವು ಮಾದರಿಗಳ ಮಾರಾಟ ನಿಲ್ಲಿಸಿತು. 2024ರ ಜನವರಿಯಲ್ಲಿ ತನಿಖಾ ಸಮಿತಿಯ ವರದಿ ಬಂದಾಗ, ಕಾರುಗಳ ಡೀಸೆಲ್ ಎಂಜಿನ್ನುಗಳ ಪರೀಕ್ಷೆಯಲ್ಲೂ ಲೋಪವಾಗಿರುವುದು ತಿಳಿದುಬಂತು. ಅದರ ಬಿಸಿ ಬಿಡದಿಗೂ ತಟ್ಟಿತು. ಇನ್ನೊವಾ ಕ್ರಿಸ್ಟಾ, ಫಾರ್ಚೂನರ್, ಹೈಲಕ್ಸ್ ವಾಹನಗಳ ರವಾನೆಯನ್ನು ಕೆಲವು ದಿನ ತಡೆಹಿಡಿಯಬೇಕಾಯಿತು. ಎಳೆ ಕಡಿದರೆ ಯಂತ್ರ ನಿಲ್ಲಬೇಕು ಎಂಬ ತತ್ತ್ವದ ಮೇಲೆ ಹುಟ್ಟಿದ ಕಂಪನಿಯಲ್ಲಿ, ಪರೀಕ್ಷೆಯ ಕೋಣೆಯಲ್ಲಿ ಎಳೆ ಕಡಿದಾಗ ಯಾರೂ ಯಂತ್ರ ನಿಲ್ಲಿಸಲಿಲ್ಲ ಎಂಬುದು ವಿಷಾದನೀಯ.

ಸಣ್ಣ ತಯಾರಕರು ಈ ಪ್ರಸಂಗವನ್ನು ದೊಡ್ಡವರ ಕಥೆಯೆಂದು ಪಕ್ಕಕ್ಕಿಡಬಾರದು. ದೊಡ್ಡ ಕಂಪನಿಗಳಿಗೆ ಬಿಡಿಭಾಗ ಪೂರೈಸುವ ಪ್ರತಿಯೊಂದು ಘಟಕವೂ ಸರಕಿನೊಂದಿಗೆ ತಪಾಸಣಾ ವರದಿ ಕಳುಹಿಸುತ್ತದೆ. ರವಾನೆಯ ಗಡುವು ಮೀರುತ್ತಿರುವಾಗ, ಅಳೆಯದೆಯೇ ಹಿಂದಿನ ವರದಿಯ ಅಂಕಿಗಳನ್ನು ನಕಲು ಮಾಡುವ ಪ್ರಲೋಭನೆ ಎಲ್ಲ ಕಡೆಯೂ ಇದ್ದೇ ಇದೆ. ಉಳಿಯುವುದು ಅರ್ಧ ಗಂಟೆ. ಸಿಕ್ಕಿಬಿದ್ದರೆ ಕಳೆದುಕೊಳ್ಳುವುದು ಇಪ್ಪತ್ತು ವರ್ಷಗಳ ಗಿರಾಕಿಯನ್ನು. ಟೊಯೊಟಾದಂತಹ ಬೃಹತ್ ಸಂಸ್ಥೆ ಇಂತಹ ಪೆಟ್ಟನ್ನು ತಾಳಿಕೊಂಡೀತು, ಹತ್ತು ಯಂತ್ರಗಳ ಘಟಕ ತಾಳಲಾರದು.

ಎರಡನೆಯದು ಷೇರುಗಳ ಬೆಲೆಯ ಪ್ರಶ್ನೆ. ಮಗುವಾಗಿದ್ದ ಟೊಯೊಟಾ ಮೋಟಾರ್‌ನಲ್ಲಿ ತಾಯಿ ಕಂಪನಿಯು ಸುಮಾರು ಶೇ. 9ರಷ್ಟು ಷೇರುಗಳನ್ನು ಹೊಂದಿತ್ತು. ಟೊಯೊಟಾ ಬಳಗದವರು ತಾಯಿ ಕಂಪನಿಯನ್ನು ಷೇರುಪೇಟೆಯಿಂದ ಹೊರತಂದು ಖಾಸಗಿಯಾಗಿಸುವ ಪ್ರಸ್ತಾಪವನ್ನು 2025ರ ಜೂನ್‌ನಲ್ಲಿ ಮುಂದಿಟ್ಟಾಗ, ಷೇರೊಂದಕ್ಕೆ 16,300 ಯೆನ್ ಬೆಲೆ ಕಟ್ಟಿದರು. ಕಂಪನಿಯ ಹೂಡಿಕೆಗಳ ಮೌಲ್ಯಕ್ಕೆ ಹೋಲಿಸಿದರೆ ಇದು ಕಡಿಮೆಯೆಂದು ಹೊರಗಿನ ಷೇರುದಾರರು ಬಲವಾಗಿ ಆಕ್ಷೇಪಿಸಿದರು. 2026ರ ಜನವರಿಯಲ್ಲಿ ಆ ಬೆಲೆಯನ್ನು 18,800 ಯೆನ್‌ಗೆ ಏರಿಸಬೇಕಾಯಿತು.

ಇದೇ ವ್ಯಾಜ್ಯವು ಸಣ್ಣ ಪ್ರಮಾಣದಲ್ಲಿ ಕರ್ನಾಟಕದ ಅದೆಷ್ಟೋ ಕೌಟುಂಬಿಕ ಉದ್ದಿಮೆಗಳಲ್ಲಿ ನಡೆಯುತ್ತಿರುತ್ತದೆ. ದಶಕಗಳ ಹಿಂದೆ ಮಂಜೂರಾದ ಕೈಗಾರಿಕಾ ನಿವೇಶನವು ಅಢಾವೆ ಪತ್ರಿಕೆಯಲ್ಲಿ ಅಂದಿನ ಬೆಲೆಯಲ್ಲೇ ಕುಳಿತಿರುತ್ತದೆ. ಪಾಲುದಾರನೊಬ್ಬ ನಿವೃತ್ತನಾದಾಗ ಅಥವಾ ಸಹೋದರರು ಬೇರೆಯಾದಾಗ, ಒಬ್ಬರು ಪುಸ್ತಕದ ಬೆಲೆ ಹೇಳುತ್ತಾರೆ, ಇನ್ನೊಬ್ಬರು ಮಾರುಕಟ್ಟೆಯ ಬೆಲೆ ಹೇಳುತ್ತಾರೆ. ಯಂತ್ರಗಳು ನಿಲ್ಲುವುದು, ಆರ್ಡರುಗಳು ಕೈತಪ್ಪುವುದು ಆ ನಡುವಿನ ಜಗಳದಲ್ಲೇ. ಮೌಲ್ಯಮಾಪನದ ವಿಧಾನವನ್ನು ಸೌಹಾರ್ದವಿರುವಾಗಲೇ ಪಾಲುದಾರಿಕೆ ಪತ್ರದಲ್ಲಿ ಬರೆದಿಡುವುದೇ ಇದಕ್ಕೆ ಪರಿಹಾರ.

ಸಣ್ಣ ಉದ್ಯಮಿ ಮಾಡಬಹುದಾದುದು

ಟೊಯೊಟಾಕ್ಕೆ ಬಳಗದ ಬಲವಿತ್ತು, ಸಣ್ಣವರಿಗೆ ಅದೆಲ್ಲಿದೆ ಎಂಬ ಆಕ್ಷೇಪ ಬರುವುದು ಸಹಜ. ಆದರೆ 1926ರಲ್ಲಿ ಅದು ಮಗ್ಗದ ಕಾರ್ಖಾನೆ ಮಾತ್ರ. 1950ರಲ್ಲಿ ಬಳಗದ ದೊಡ್ಡ ಕಂಪನಿಯೇ ಮುಳುಗುವ ಸ್ಥಿತಿಯಲ್ಲಿತ್ತು. ಆರು ವರ್ಷಗಳ ನಂತರ ಬಂದ ಮೊದಲ ಫೋರ್ಕ್‌ಲಿಫ್ಟ್ ಎತ್ತುತ್ತಿದ್ದುದು ಒಂದೇ ಟನ್ನು. ಬಲವು ಈ ಹೆಜ್ಜೆಗಳ ನಂತರ ಬಂದದ್ದು, ಮೊದಲೇ ಇದ್ದುದಲ್ಲ.

ಅಜ್ಜ ನೆಟ್ಟ ಆಲದ ಮರವೆಂದು ಅದಕ್ಕೇ ಜೋತುಬೀಳುವವರಿದ್ದಾರೆ. ಅದಕ್ಕೆ ವಿರುದ್ಧವಾಗಿ, ಕಾರ್ಖಾನೆಯ ಲಾಭವನ್ನೆಲ್ಲ ನಿವೇಶನ ವ್ಯವಹಾರಕ್ಕೆ ಸುರಿದು, ಹಳೆಯ ಯಂತ್ರಗಳನ್ನು ಸವಕಳಿಗೆ ಬಿಟ್ಟವರೂ ಇದ್ದಾರೆ. ಮೊದಲನೆಯವರು ವಸ್ತುವನ್ನು ನಂಬಿ ಕೆಡುತ್ತಾರೆ. ಎರಡನೆಯವರು ತಮ್ಮ ಕೌಶಲವನ್ನೇ ಬಿಟ್ಟುಕೊಡುತ್ತಾರೆ. ಇವೆರಡರ ನಡುವೆ ಒಂದು ಮಾರ್ಗವಿದೆ. ಹೊಸ ವಸ್ತುವನ್ನು ಆರಿಸುವಾಗ ಈಗಿರುವ ಯಂತ್ರಗಳು, ಕೆಲಸಗಾರರ ಕೌಶಲ, ಗಿರಾಕಿಗಳು, ಈ ಮೂರರಲ್ಲಿ ಕನಿಷ್ಠ ಎರಡಾದರೂ ಉಪಯೋಗಕ್ಕೆ ಬರುವಂತಿರಬೇಕು. ಎಂಜಿನ್ ವಾಲ್ವ್ ತಯಾರಿಸುವವನಿಗೆ ತೈಲ ಒತ್ತಡದ ಉಪಕರಣಗಳ ವಾಲ್ವ್ ಸಮೀಪದ ವಸ್ತು, ಬಟ್ಟೆ ಅಂಗಡಿ ದೂರದ್ದು.

ಹೊಸ ಪ್ರಯತ್ನಕ್ಕೆ ಪ್ರತಿ ವರ್ಷ ಲಾಭದ ಒಂದು ನಿಶ್ಚಿತ ಭಾಗವನ್ನು ಎತ್ತಿಡಬೇಕು. ಅದು ಚಿಕ್ಕದಾದರೂ ಸರಿ, ತಪ್ಪಬಾರದು. ಅದಕ್ಕೆ ಪ್ರತ್ಯೇಕ ಲೆಕ್ಕಪುಸ್ತಕವಿರಬೇಕು. ಎಷ್ಟು ನಷ್ಟದವರೆಗೆ ಮುಂದುವರಿಯುವುದು ಎಂಬ ಮಿತಿಯನ್ನು ಆರಂಭದಲ್ಲೇ ಬರೆದಿಡಬೇಕು. ದುಡಿಯುವ ಬಂಡವಾಳಕ್ಕೆಂದು ಬ್ಯಾಂಕಿನಿಂದ ಪಡೆದ ಸಾಲವನ್ನು ಇದಕ್ಕೆ ಎಂದಿಗೂ ತಿರುಗಿಸಬಾರದು. ಗಿರಾಕಿಯ ಪಾವತಿ ಎರಡು ತಿಂಗಳು ತಡವಾದರೆ ಸಾಕು, ಹಳೆಯ ವ್ಯವಹಾರವೂ ಹೊಸದರೊಂದಿಗೆ ನಿಂತುಹೋಗುತ್ತದೆ. ಇವೆಲ್ಲವನ್ನೂ ಹಳೆಯ ವಸ್ತುವಿಗೆ ಇನ್ನೂ ಆರ್ಡರು ಇರುವಾಗಲೇ ಮಾಡಬೇಕು. ಆರ್ಡರು ನಿಂತ ಮೇಲೆ ಹೊಸದನ್ನು ಹುಡುಕಲು ಹೊರಟವನಿಗೆ ಸಾಲ ಕೊಡುವವರು ಸಿಗುವುದಿಲ್ಲ, ಸಿಕ್ಕರೂ ಬಡ್ಡಿಯ ದರ ಬೇರೆಯಾಗಿರುತ್ತದೆ.

ವಾಣಿಜ್ಯ ಮಂಡಳಿಗಳಿಗೂ ಇದರಲ್ಲಿ ಪಾತ್ರವಿದೆ. ಒಂದು ಸಣ್ಣ ಘಟಕಕ್ಕೆ ಭರಿಸಲಾಗದ ಪರೀಕ್ಷಾ ಸೌಲಭ್ಯವನ್ನು ಐವತ್ತು ಘಟಕಗಳು ಸೇರಿ ಹೊಂದಬಹುದು. ಪರೀಕ್ಷೆಯ ವರದಿಯು ತಯಾರಕನದೇ ಆಗಿರದೆ ಹೊರಗಿನ ಪ್ರಯೋಗಾಲಯದ್ದಾಗಿದ್ದರೆ ಅದರ ಬೆಲೆಯೂ ಹೆಚ್ಚು, ಅದನ್ನು ತಿದ್ದುವ ಪ್ರಲೋಭನೆಯೂ ಕಡಿಮೆ. ಹೊಸ ವಸ್ತುವಿನೊಂದಿಗೆ ಹೊಸ ಗಿರಾಕಿಯ ಬಾಗಿಲು ತಟ್ಟುವ ಸಣ್ಣ ತಯಾರಕನಿಗೆ ಅಂತಹ ವರದಿಯೇ ಮೊದಲ ಪರಿಚಯಪತ್ರ.

ಮುಂದಿನ ಬಾರಿ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಸರಕು ಎತ್ತುವುದನ್ನು ಕಂಡಾಗ ಉದ್ಯಮಿಗಳು ಅದರ ಹಿಂಭಾಗದ ಎರಕದ ಗಟ್ಟಿಯನ್ನೊಮ್ಮೆ ಗಮನಿಸಬಹುದು. ಎತ್ತುವ ಕೆಲಸದಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ, ಅದಿಲ್ಲದಿದ್ದರೆ ಗಾಡಿ ಮುಗ್ಗರಿಸುತ್ತದೆ. ಉದ್ದಿಮೆಗೆ ಮೀಸಲು ನಿಧಿಯೂ ಹಾಗೆಯೇ. ಈ ಆರ್ಥಿಕ ವರ್ಷದ ಲೆಕ್ಕ ಮುಗಿಸುವ ಮೊದಲು, ಲಾಭದಲ್ಲಿ ಮುಂದಿನ ವಸ್ತುವಿಗೆಂದು ಎಷ್ಟು ಎತ್ತಿಡಲಾಗಿದೆ ಎಂಬ ಪ್ರಶ್ನೆಯನ್ನು ಪ್ರತಿಯೊಬ್ಬ ತಯಾರಕನೂ ತನ್ನ ಲೆಕ್ಕಿಗನಿಗೆ ಕೇಳುವುದು ಒಳಿತು.